ಸದ್ದು ಸಹಿಸದ ಪಂಚಾಕ್ಷರಿ

ಪಂಚಾಕ್ಷರಿ ಯಾವ ಕಂಪ್ಯೂಟರನ್ನೂ ಮೊದಲು ಕಣ್ಣಿನಿಂದ ನೋಡಿದವರಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಬ್ಬಿಗೆ ಒತ್ತಿ, ಅದರ ಹಿಡಿಯನ್ನು ಬಲಗಿವಿಯ ಹಿಂದಿನ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಆಮೇಲೆ ಬೈಗುಳ ಶುರುವಾಗುತ್ತಿತ್ತು. ಯಾರಿಗೆ ಅನ್ನುವ ಲೆಕ್ಕವಿಲ್ಲ. ಫ್ಯಾನು ಮಾಡಿದವನಿಗೆ, ಜೋಡಿಸಿದವನಿಗೆ, ಮಾರಿದವನಿಗೆ, ಕೊನೆಗೆ ಅದನ್ನು ಹೊತ್ತು ತಂದು ಎದುರಿಗೆ ನಿಂತ ನಮಗೆ. ತಿಪಟೂರಿನಲ್ಲಿ ಅವರನ್ನು ಸಿಟ್ಟಿನ ಪಂಚಾಕ್ಷರಿ ಎಂದೇ ಕರೆಯುತ್ತಿದ್ದರು. ಹಾಗೆ ಕರೆದು ನಗುತ್ತಿದ್ದವರ ಮೇಲೆ ಈಗ ನನಗೆ ಸಿಟ್ಟು ಬರುತ್ತದೆ. ಪಂಚಾಕ್ಷರಿಯ ಸಿಟ್ಟಿಗೆ ಪ್ರತಿಸಲವೂ ಕಾರಣವಿರುತ್ತಿತ್ತು. ನಮ್ಮ ಸಮಾಧಾನಗಳಿಗೆ ಅಷ್ಟು ಒಳ್ಳೆಯ ಕಾರಣಗಳಿರಲಿಲ್ಲ.

ಅವರ ಎಡಗಿವಿ ಪೂರ್ತಿ ಹೋಗಿತ್ತು. ಚಿಕ್ಕವಯಸ್ಸಿನಲ್ಲಿ ತುರುವೇಕೆರೆ ಕಡೆಯ ಒಂದು ನಾರಿನ ಕಾರ್ಖಾನೆಯಲ್ಲಿ ಮೋಟರು ನೋಡಿಕೊಳ್ಳುತ್ತಿದ್ದರಂತೆ. ತೆಂಗಿನ ಸಿಪ್ಪೆ ಬಡಿಯುವ ಯಂತ್ರದ ಪಕ್ಕದಲ್ಲೇ ಒಂಬತ್ತು ವರ್ಷ. ಕಿವಿಗೆ ಏನಾದರೂ ಕೊಡಿಸಿ ಎಂದು ಕೇಳಿದ್ದಕ್ಕೆ ಮಾಲೀಕ, "ಹತ್ತಿ ಇಟ್ಕೊ ಹೋಗ್ಲಾ" ಅಂದನಂತೆ. ಇದನ್ನು ಹೇಳುವಾಗ ಅವರ ಮುಖ ಕೆಂಪಾಗುತ್ತಿತ್ತು. ಅಲ್ಲಿಂದ ಬಿಟ್ಟು ಬಂದು ಪಂಪುಸೆಟ್ಟಿನ ಮೋಟರು ಸುತ್ತುವುದು ಕಲಿತು, ಅಲ್ಲಿಂದ ಟೀವಿ, ಅಲ್ಲಿಂದ ಕಂಪ್ಯೂಟರು. ನಾನು ಕಂಡಾಗ ಅವರಿಗೆ ಐವತ್ತು ದಾಟಿತ್ತು. ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನನ್ನ ಸೋದರಮಾವ ಗಂಗಣ್ಣನ ಮಳಿಗೆಸಾಲಿನ ಕೊನೆಯ ಕೋಣೆಯಲ್ಲಿ ಅವರ ಅಂಗಡಿ.

ನಾನು ಅಲ್ಲಿಗೆ ಹೋದದ್ದು ತಮ್ಮ ನಂದೀಶನ ಸಲುವಾಗಿ. ನಂದೀಶನಿಗೆ ಇಪ್ಪತ್ತನಾಲ್ಕು ವರ್ಷ. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ತಿಪಟೂರಿಗೆ ಹತ್ತಿರದ ಹಾಲ್ಕುರಿಕೆಯ ನಮ್ಮ ಮನೆಯ ನಡುಕೋಣೆಯಲ್ಲಿ ಒರಗಿಕೊಂಡೇ ಇರುತ್ತಾನೆ. ಬೆರಳುಗಳು ಮಾತ್ರ ಚುರುಕು. ದಿನದ ಹೆಚ್ಚು ಹೊತ್ತು ಮೂಗಿನ ಮೇಲೆ ಮಾಸ್ಕು, ಪಕ್ಕದಲ್ಲಿ ಉಸಿರಾಟದ ಯಂತ್ರ. ಕೊಳವೆ ಕಳಚಿದರೆ ಆ ಯಂತ್ರ ಬೀಪ್ ಬೀಪ್ ಎಂದು ಕೂಗುತ್ತದೆ. ಕಳಚಿದ್ದನ್ನು ಅವನೇ ಸಿಕ್ಕಿಸಿಕೊಳ್ಳಲಾರ. ಯಾರಾದರೂ ಆ ಕೂಗು ಕೇಳಿ ಓಡಿಬರಬೇಕು.

ಅವನ ಲೋಕವೆಲ್ಲ ಕಂಪ್ಯೂಟರ್ ಗೇಮಿನಲ್ಲಿತ್ತು. ಅಲ್ಲಿ ಅವನು ಓಡುತ್ತಿದ್ದ, ಗೋಡೆ ಹತ್ತುತ್ತಿದ್ದ, ಎಲ್ಲೆಲ್ಲಿಯವರನ್ನೋ ಸೋಲಿಸುತ್ತಿದ್ದ. ಹಾಸಿಗೆಯ ಪಕ್ಕ ಉಳಿದಿದ್ದ ಜಾಗ ಒಂದು ಗೇಣು. ಅದಕ್ಕೆಂದೇ ಬಹಳ ಚಿಕ್ಕದೊಂದು ಕಂಪ್ಯೂಟರನ್ನು ಬೇರೆ ಊರಿನ ಅಂಗಡಿಯಿಂದ ಕಟ್ಟಿಸಿ ತರಿಸಿದ್ದೆವು. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ಗಾತ್ರ. ಒಳಗೆ ನೀರು ಹರಿಸಿ ತಂಪು ಮಾಡುವ ಏರ್ಪಾಡು, ಇದಕ್ಕಿಂತ ಒಳ್ಳೆಯದಿಲ್ಲ ಎಂದು ಹೇಳಿ ಕಳಿಸಿದ್ದರು. ಗೇಮು ಶುರುವಾದರೆ ಅದು ಮಿಕ್ಸಿಯಂತೆ ಅರಚುತ್ತಿತ್ತು. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಉಸಿರಾಟದ ಯಂತ್ರದ ಕೂಗು ಕೇಳಿಸುತ್ತಲೇ ಇರಲಿಲ್ಲ. ಹಾಗಾಗಿ ಅಮ್ಮ ಮನೆಗೆಲಸದಲ್ಲಿ ಇರುವಾಗಲೆಲ್ಲ ಅವನು ಕಂಪ್ಯೂಟರು ಆರಿಸಿ ಸೂರು ನೋಡುತ್ತಾ ಕೂತಿರಬೇಕಾಗುತ್ತಿತ್ತು. ಅಂಗಡಿಯವರಿಗೆ ಫೋನು ಮಾಡಿದರೆ, "ಗೇಮಿಂಗ್ ಅಂದ್ಮೇಲೆ ಅಷ್ಟು ಸದ್ದು ಇದ್ದಿದ್ದೇ ಮೇಡಂ" ಅಂದರು.

ಪಂಚಾಕ್ಷರಿ ಸ್ಕ್ರೂಡ್ರೈವರ್ ಆನಿಸಿ ಕೇಳಿದರು. ಮುಚ್ಚಳ ತೆಗೆದು ಒಳಗೆ ನೋಡಿದರು.

"ಇಷ್ಟಗಲ ಡಬ್ಬಿಗೆ ನೀರಿನ ಪಂಪು ಯಾವನ್ ಹಾಕ್ದ? ಇದರಲ್ಲಿ ತೋಟಕ್ಕೆ ನೀರು ಹಾಯಿಸ್ತೀರೇನ್ರೀ?"

"ಇದೇ ಒಳ್ಳೇದು ಅಂದ್ರು."

"ಅಂದ್ರು ಅಂತ ತಂದ್ಬುಟ್ರಾ? ಪಂಪು ಒಂದು ಕಡೆ ಗುಂಯ್ ಅಂತದೆ. ಬಿಸಿ ಆರಿಸೋಕೆ ಇಟ್ಟಿರೋ ಫ್ಯಾನು ಅಂಗೈಯಗಲ ಇಲ್ಲ, ಇನ್ನೊಂದು ಕಡೆ ಕಿರುಚ್ತದೆ. ದೊಡ್ಡ ಪೆಟ್ಟಿಗೇಲಿ ನೀರಿಂದು ಚೆನ್ನಾಗೇ ಇರ್ತದೆ. ಇದರೊಳಗೆ ಅದಕ್ಕೆ ಜಾಗ ಎಲ್ಲೈತೆ? ಯಾರಿಗಿದು?"

ನಂದೀಶನ ವಿಷಯ ಹೇಳಿದೆ. ಅವರು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಮೇಲೆಯೇ ರೇಗಿದರು.

"ಅದನ್ನ ಮೊದ್ಲೇ ಹೇಳೋಕೆ ಏನಾಗಿತ್ತು ನಿಮಗೆ? ಮೇಷ್ಟ್ರಮ್ಮ ಆಗಿದ್ದೀರ. ಸದ್ದು ಅಂಗಡೀಲಿ ಗೊತ್ತಾಗಲ್ಲ ಕಣ್ರೀ. ಮನೇಲೇ ನೋಡ್ಬೇಕು. ಭಾನುವಾರ ಬತ್ತೀನಿ."

ಹೇಳಿದಂತೆ ಭಾನುವಾರ ಬೆಳಿಗ್ಗೆ ಬಸ್ಸಿಳಿದು ಬಂದರು. ಚೀಲದಲ್ಲಿ ಪ್ರೊಸೆಸರಿನ ಬಿಸಿ ಇಳಿಸುವ, ಫ್ಯಾನು ಕೂರಿಸಿದ ಮೂರು ಕೂಲರು. ಮೊದಲು ನೀರಿನ ಪಂಪನ್ನು ಕಳಚಿ ತೆಗೆದು, ಉಕ್ಕಿನ ಸ್ಕೇಲಿನಲ್ಲಿ ಪ್ರೊಸೆಸರಿನ ಮೇಲಿಂದ ಜಾಲರಿ ಮುಚ್ಚಳದವರೆಗಿನ ಎತ್ತರ ಅಳೆದರು. ಒಮ್ಮೆ ಅಳೆದು, ಒಪ್ಪದೆ, ಮತ್ತೆ ಅಳೆದರು. ಮೊದಲನೆಯ ಕೂಲರು ಎರಡು ಮಿಲಿಮೀಟರು ಎತ್ತರ ಹೆಚ್ಚಾಗಿ ಹಿಡಿಸಲಿಲ್ಲ. ಎರಡನೆಯದು ಹಿಡಿಸಿತು, ತಣ್ಣಗೂ ಇಟ್ಟಿತು, ಆದರೆ ಐದೇ ನಿಮಿಷಕ್ಕೆ ಕೀಚಲು ದನಿ ತೆಗೆಯಿತು. ಮೂರನೆಯದು ಚಪ್ಪಟೆ. ಮೇಲಿನ ಫ್ಯಾನು ಅಕ್ಕಿರೊಟ್ಟಿಯ ಹಾಗೆ ಅಗಲ, ತೆಳ್ಳಗೆ.

"ಚಿಕ್ಕ ಫ್ಯಾನು ಅಷ್ಟೇ ಗಾಳಿ ಕೊಡ್ಬೇಕು ಅಂದ್ರೆ ಜಾಸ್ತಿ ಸುತ್ತಬೇಕು. ಜಾಸ್ತಿ ಸುತ್ತಿದ್ರೆ ಅರಚ್ತದೆ. ಇದು ಅಗಲ ಇರೋದ್ರಿಂದ ನಿಧಾನಕ್ಕೆ ಸುತ್ತಿದ್ರೂ ಸಾಕು" ಎಂದು ನಂದೀಶನಿಗೆ ಹೇಳಿದರು. ನನಗಲ್ಲ, ಅಮ್ಮನಿಗಲ್ಲ, ನಂದೀಶನಿಗೆ.

ಆದರೂ ಬಿಸಿ ಏರಿತು. ಅವರು ಕಪ್ಪು ಸ್ಪಂಜಿನ ಹಾಳೆಯಿಂದ ಬಳೆಯಂಥದೊಂದನ್ನು ಕತ್ತರಿಸಿ, ಫ್ಯಾನಿಗೂ ಜಾಲರಿಗೂ ನಡುವೆ ಉಳಿದಿದ್ದ ಸಂದಿಗೆ ಕೂರಿಸಿದರು. ತಾನು ಬಿಟ್ಟ ಬಿಸಿಗಾಳಿಯನ್ನೇ ಫ್ಯಾನು ಮತ್ತೆ ನುಂಗುತ್ತಿತ್ತಂತೆ. ಈಗ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳಬೇಕು. ಬಿಸಿ ಇಳಿಯಿತು. ಅಷ್ಟಕ್ಕೂ ಅವರಿಗೆ ತೃಪ್ತಿಯಿಲ್ಲ. ಪ್ರೊಸೆಸರು ಎಳೆಯುವ ಕರೆಂಟನ್ನೇ ಕಡಿಮೆ ಮಾಡುತ್ತೇನೆ ಅಂದರು. ನಂದೀಶ ಒಪ್ಪಲಿಲ್ಲ.

"ಪಂಚಾಕ್ಷರಣ್ಣ, ಸ್ಪೀಡ್ ಹೋಗುತ್ತೆ. ಬೇಡ."

"ನೂರಕ್ಕೆ ತೊಂಬತ್ತಾರು ಇರ್ತದೆ ಕಣ್ಲಾ. ಆ ನಾಕರ ಸಲುವಾಗಿ ಅದು ಕುದ್ದು ಹೋಗ್ಬೇಕಾ?"

"ಆ ನಾಲ್ಕರಲ್ಲೇ ನಾನು ಸಾಯೋದು, ಗೇಮಲ್ಲಿ."

"ಹಂಗಾದ್ರೆ ಆಡೋಕೆ ಬರಲ್ಲ ನಿನಗೆ. ಕಂಪ್ಯೂಟರ್ ಮೇಲೆ ಹಾಕ್ಬೇಡ. ಆಡಿ ತೋರ್ಸು ನೋಡಾನ."

ನಂದೀಶನ ಕಿವಿ ಕೆಂಪಗಾದವು. ಅವನೂ ತಿರುಗಿ ಜಗಳಕ್ಕಿಳಿದ. ಕಾಲು ಗಂಟೆ ಇಬ್ಬರೂ ಕಿತ್ತಾಡಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕಾಯಿಲೆ ಬಿದ್ದ ಮೇಲೆ ಅವನ ಮೇಲೆ ಯಾರೂ ರೇಗಿರಲಿಲ್ಲ. ಎಲ್ಲರೂ ಮೆಲುದನಿಯಲ್ಲಿ, ತಲೆ ಸವರುತ್ತಾ ಮಾತಾಡುವವರೇ. ಸಮಕ್ಕೆ ಸಮ ನಿಂತು ಬೈದವರು ಇವರೊಬ್ಬರೇ. ಕೊನೆಗೆ ನಂದೀಶ ಆಡಿ ಗೆದ್ದ, ಕರೆಂಟು ಕಡಿಮೆ ಮಾಡಿದ್ದರಲ್ಲೇ. "ಸರಿ, ಹಂಗೇ ಇರ್ಲಿ" ಎಂದು ಗೊಣಗಿದ. ಪಂಚಾಕ್ಷರಿ, ಗೇಮಿನಲ್ಲಿ ಗುಂಡು ಹಾರಿದಾಗಲೆಲ್ಲ ಫ್ಯಾನಿನ ವೇಗ ಏರಿ ಇಳಿಯದಂತೆ, ಅದು ಒಂದೇ ಸಮನೆ ನಿಧಾನಕ್ಕೆ ಸುತ್ತುವಂತೆ ಮಾಡಿಕೊಟ್ಟು, ಅಮ್ಮನನ್ನು ಅಡುಗೆಮನೆಗೆ ಕಳಿಸಿ, ಉಸಿರಾಟದ ಯಂತ್ರವನ್ನು ಒಮ್ಮೆ ಬೇಕೆಂದೇ ಕೂಗಿಸಿದರು.

"ಕೇಳಿಸ್ತು" ಎಂದು ಅಮ್ಮ ಒಳಗಿನಿಂದ ಹೇಳಿದಳು.

ಮಾವ ಬಂದದ್ದು ಅದೇ ಹೊತ್ತಿಗೆ. ಗಂಗಣ್ಣ ಮಾವ ಕೊಬ್ಬರಿ ಮಂಡಿ ಇಟ್ಟವರು, ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವರು. ಬಾಗಿಲಲ್ಲೇ ನಿಂತು ಹರಡಿದ್ದ ಸಾಮಾನುಗಳನ್ನು ನೋಡಿ, ನಂದೀಶನ ಎದುರಿಗೇ ಅಮ್ಮನಿಗೆ ಹೇಳಿದರು:

"ಇದೆಲ್ಲ ಯಾಕೆ ಬೇಕಿತ್ತವ್ವಾ? ಇರೋ ನಾಕು ದಿನ ದೇವ್ರ ಹೆಸ್ರು ಹೇಳ್ಕೊಂಡು ಇರೋದು ಬುಟ್ಟು ಗೇಮು ಅಂತೆ ಗೇಮು."

ಅಮ್ಮ ಸೆರಗು ಹಿಂಡಿಕೊಂಡಳು. ನಾನು ನೆಲ ನೋಡಿದೆ. ಪಂಚಾಕ್ಷರಿ ಕೂತಲ್ಲಿಂದಲೇ ಕೇಳಿದರು. ಸದಾ ಜೋರಾಗಿ ಮಾತಾಡುವ ಮನುಷ್ಯ, ಅವತ್ತು ಮಾತ್ರ ದನಿ ಏರಿಸಲಿಲ್ಲ.

"ಗಂಗಣ್ಣೋರೆ, ನಿಮಗೆ ಎಷ್ಟು ದಿನ ಐತೆ?"

"ಏನಂದೆ?"

"ನಿಮಗೆ ಇರೋ ದಿನ ಎಷ್ಟು ಅಂತ ಕೇಳ್ದೆ. ಗೊತ್ತಿಲ್ಲ ಅಲ್ವಾ? ಆದ್ರೂ ಮಧ್ಯಾಹ್ನ ಆದ್ರೆ ಮಂಡೀಲಿ ಇಸ್ಪೀಟು ಹಾಕ್ತೀರಿ. ನಿಮಗೆ ಯಾರೂ ಬಂದು ದೇವ್ರ ಹೆಸ್ರು ಹೇಳ್ಕೊ ಅನ್ನಲ್ಲ."

"ನನ್ನ ಮಳಿಗೇಲಿ ಅಂಗಡಿ ಇಟ್ಕೊಂಡು ನನಗೇ ಹೇಳ್ತೀಯೇನಲಾ?"

"ಮಳಿಗೆ ನಿಮ್ದು. ಹಂಗಂತ ಈ ಹುಡುಗನ ಮುಂದೆ ಇವನ ಸಾವಿನ ಮಾತಾಡಬೌದು ಅಂತ ಅಲ್ಲ."

ಮಾವ ಚಪ್ಪಲಿ ಮೆಟ್ಟಿ ಹೊರಟುಹೋದರು. ಅಮ್ಮ ಕಾಫಿ ತಂದಳು. ನಾನು ಪಂಚಾಕ್ಷರಿಗೆ ಒಂದು ಮಾತೂ ಹೇಳಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ ಅನ್ನುವಷ್ಟಾದರೂ ಹೇಳಬಹುದಿತ್ತು.

ಅದಾಗಿ ಮೂರು ವಾರಕ್ಕೆ, ನಾನು ಸ್ಕೂಲಿನಲ್ಲಿದ್ದಾಗ, ಅಮ್ಮನ ಫೋನು ಬಂತು. ಅವಳು ಹಿತ್ತಲ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಳಂತೆ. ನಂದೀಶ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಆಟದಲ್ಲಿದ್ದ. ಯಂತ್ರದ ಕೂಗು ಕೇಳಿ ಅಮ್ಮ ಓಡಿಹೋದರೆ ಕೊಳವೆ ಕಳಚಿ ನೆಲದ ಮೇಲೆ ಬಿದ್ದಿದೆ, ಅವನ ತುಟಿ ನೀಲಿಗಟ್ಟಿದೆ. ಸಿಕ್ಕಿಸಿದಳು. ಉಸಿರು ಬಂತು. ಕಂಪ್ಯೂಟರಿನಲ್ಲಿ ಆಟ ಇನ್ನೂ ನಡೆಯುತ್ತಲೇ ಇತ್ತು, ಸದ್ದಿಲ್ಲದೆ.

ಸಂಜೆ ಅಂಗಡಿಗೆ ಹೋಗಿ ಪಂಚಾಕ್ಷರಿಗೆ ಹೇಳಿದೆ.

"ಕೊಳವೆ ಯಾಕೆ ಕಳಚ್ತು? ಕ್ಲಿಪ್ಪು ಹಾಕಿರ್ಲಿಲ್ವಾ? ಏನ್ ಜನ ನೀವು?" ಎಂದು ರೇಗಿ, ಬೆನ್ನು ತಿರುಗಿಸಿ ಬೀರುವಿನಲ್ಲಿ ಏನನ್ನೋ ಹುಡುಕತೊಡಗಿದರು. ಬಹಳ ಹೊತ್ತು ಹುಡುಕಿದರು. ತಿರುಗಿದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಕಣ್ಣು ಒದ್ದೆಯಾಗಿದ್ದವು.

ರಿಪೇರಿಯ ನೆಪ ಹೇಳಿ ಮಾವ ಪಂಚಾಕ್ಷರಿಗೆ ಮಳಿಗೆ ಖಾಲಿ ಮಾಡಲು ಹೇಳಿದ್ದು ಆ ತಿಂಗಳ ಕೊನೆಗೆ. ಸಾಲಿನಲ್ಲಿ ಆರು ಅಂಗಡಿಗಳು. ರಿಪೇರಿಗೆಂದು ಖಾಲಿ ಮಾಡಬೇಕಾದದ್ದು ಕೊನೆಯದು ಮಾತ್ರ. ಪಂಚಾಕ್ಷರಿ ನಮ್ಮ ಸ್ಕೂಲಿಗೆ ಬಂದರು. ಗೇಟಿನ ಹೊರಗೆ ನಿಂತು, ಬಯ್ಯದೆ, ತಡವರಿಸುತ್ತಾ ಕೇಳಿದರು.

"ಮೇಡಂ, ನಿಮ್ಮ ಮಾವನಿಗೆ ಒಂದು ಮಾತು ಹೇಳ್ತೀರಾ? ಗಿರಾಕಿಗಳಿಗೆ ನನ್ನ ಗುರುತು ಅಂದ್ರೆ ಆ ಜಾಗ. ಈ ವಯಸ್ಸಲ್ಲಿ ಇನ್ನೊಂದು ಕಡೆ ಶುರು ಮಾಡೋಕಾಗಲ್ಲ."

"ನೋಡ್ತೀನಿ" ಅಂದೆ.

ನೋಡಲಿಲ್ಲ. ನಂದೀಶನನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಮಾವನ ದೊಡ್ಡ ಕಾರು ಬರಬೇಕಿತ್ತು. ಅವನನ್ನು ಮಲಗಿಸಿಕೊಂಡು, ಯಂತ್ರವನ್ನೂ ಇಟ್ಟುಕೊಂಡು ಹೋಗುವಂಥ ಕಾರು ನಮ್ಮವರಲ್ಲಿ ಬೇರೆ ಯಾರಲ್ಲೂ ಇರಲಿಲ್ಲ. ಅಮ್ಮ, "ಈಗ ಬೇಡ ಕಣೇ, ಆಮೇಲೆ ಮಾತಾಡಾನ" ಅಂದಳು. ನಾನು ಅದನ್ನೇ ಕಾಯುತ್ತಿದ್ದವಳಂತೆ ಒಪ್ಪಿಕೊಂಡೆ. ಮಾವನ ಮೇಲೆ ನನಗಿರುವ ಸಿಟ್ಟನ್ನು ನಾನು ಯಾರಿಗೆ ಬೇಕಾದರೂ ವಿವರಿಸಬಲ್ಲೆ. ಹತ್ತು ವರ್ಷ ಮಕ್ಕಳಿಗೆ ಧೈರ್ಯದ ಪಾಠ ಹೇಳಿ, ಸ್ಕೂಲ್ ಗೇಟಿನ ಹತ್ತಿರ ಆ ಮನುಷ್ಯನನ್ನು 'ನೋಡ್ತೀನಿ' ಎಂದು ಸಾಗಹಾಕಿದ ನನ್ನ ಮೇಲಿನ ಸಿಟ್ಟನ್ನು ಇಟ್ಟುಕೊಂಡು ಏನು ಮಾಡಬೇಕೋ ತಿಳಿಯದು.

ಸಾಮಾನು ಸಾಗಿಸುವ ದಿನ ಹೋದೆ. ರಸ್ತೆ ಬದಿಯಲ್ಲಿ ಗೂಡ್ಸ್ ಆಟೋ ನಿಂತಿತ್ತು. ಪಂಚಾಕ್ಷರಿ ಒಬ್ಬರೇ ಹಳೆಯ ಮಾನಿಟರುಗಳನ್ನು ಎತ್ತಿಡುತ್ತಿದ್ದರು. ಪಕ್ಕದ ಐದು ಅಂಗಡಿಯವರು ತಮ್ಮ ತಮ್ಮ ಕೌಂಟರಿನ ಹಿಂದೆ ಕೂತು ನೋಡುತ್ತಿದ್ದರು. ನಾನು ಒಂದು ಪೆಟ್ಟಿಗೆ ಎತ್ತಲು ಬಗ್ಗಿದೆ.

"ಬುಡ್ರೀ ಅದನ್ನ."

"ನಾನು ಮಾತಾಡ್ಬೇಕಿತ್ತು. ತಪ್ಪಾಯ್ತು" ಅಂದೆ. ಕಾರಿನ ವಿಷಯ ಹೇಳತೊಡಗಿದೆ.

ಅವರು ತಡೆದರು. "ಗೊತ್ತು ಕಣಮ್ಮ. ಹುಡುಗನಿಗೆ ಕಾರು ಬೇಕು. ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ನೋ ಏನೋ. ಆದ್ರೆ ಗೊತ್ತು ಅಂತ ಸಿಟ್ಟು ಹೋಗಲ್ಲ. ಹೋಗೈತೆ ಅಂತ ಸುಳ್ಳು ಹೇಳೋಕೂ ನನಗೆ ಬರಲ್ಲ. ನೀವಿನ್ನು ಹೊರಡಿ."

ಹೊರಟೆ. ಅವರನ್ನು ನೋಡಿದ್ದು ಅದೇ ಕೊನೆ.

ಅರಸೀಕೆರೆಯಲ್ಲಿ ಯಾರದೋ ಮೊಬೈಲ್ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡಿದ್ದಾರೆಂದು ಈ ಬೇಸಿಗೆಯಲ್ಲಿ ಕೇಳಿದೆ. ರಜೆ ಸಿಕ್ಕ ದಿನವೇ ರೈಲು ಹತ್ತಿ ಹೋದೆ. ಆ ಮೂಲೆಯಲ್ಲಿ ಮೊಬೈಲ್ ಕವರುಗಳನ್ನು ನೇತುಹಾಕಿದ್ದರು. ಎರಡು ತಿಂಗಳ ಹಿಂದೆಯೇ ಬಿಟ್ಟು ಹೋದರು ಎಂದ ಅಂಗಡಿಯವನು. ಎಲ್ಲಿಗೆ ಎಂದು ಕೇಳಿದೆ.

"ಹೇಳ್ಲಿಲ್ಲ ಮೇಡಂ. ಬೈದು ಹೋದ್ರು."

ಪಂಚಾಕ್ಷರಿಯ ಫೋನ್ ನಂಬರು ಆಗಲೇ ಬೇರೆ ಯಾರದೋ ಆಗಿತ್ತು.

ಮನೆಗೆ ಬಂದು ನಂದೀಶನಿಗೆ ಹೇಳಿದೆ. ಮಳಿಗೆಯ ವಿಷಯದಲ್ಲಿ ನಾನು ಮಾವನ ಹತ್ತಿರ ಮಾತಾಡದೇ ಇದ್ದದ್ದನ್ನೂ ಮೊದಲ ಸಲ ಅವನಿಗೆ ಹೇಳಿದೆ. ಅವನು ಆಟ ನಿಲ್ಲಿಸಿದ. ಹೆಡ್‌ಫೋನು ತೆಗೆ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ತೆಗೆದೆ.

"ಆಸ್ಪತ್ರೆಗೆ ನಾನು ಬಸ್ಸಲ್ಲಾದ್ರೂ ಬರ್ತಿದ್ದೆ ಕಣಕ್ಕ" ಅಂದ. "ನೀನು ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

ಬಸ್ಸಿನಲ್ಲಿ ಬರಲಾರ ಎಂದು ನನಗೆ ಗೊತ್ತು. ಅವನಿಗೂ ಗೊತ್ತು. ಆ ಸಂಜೆಯೆಲ್ಲ ಅವನು ನನ್ನ ಜೊತೆ ಮಾತಾಡಲಿಲ್ಲ.