ಐದು ವರ್ಷದ ಯೋಜನೆಗೆ ಅಮ್ಮ ಕೈ ಎತ್ತಲಿಲ್ಲ

ಕನ್ನಡ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಒಂದನ್ನು ನಾವೊಂದಿಷ್ಟು ಜನ ಪುಕ್ಕಟೆಯಾಗಿ ಮಾಡುತ್ತಿದ್ದೆವು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ಒಳಗಿನ ಕೋಡ್ ತಿದ್ದಬಹುದು, ಯಾರು ಬೇಕಾದರೂ ಭಾನುವಾರದ ಸಭೆಗೆ ಬಂದು ತಲೆ ತಿನ್ನಬಹುದು. ನನಗೆ ಕೋಡ್ ಬರೆಯಲು ಬರುವುದಿಲ್ಲ. ಬಟನ್‌ಗಳ ಮೇಲಿನ ಕನ್ನಡ ನನ್ನದು, ಸಭೆಗೆ ಕಡಲೆಪುರಿ ತರುವುದೂ ನನ್ನದೇ.

ಆ ಆ್ಯಪ್ ಒಂದು ಪುಟ ಮುಗಿದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಪರದೆಯ ಮೂಲೆಯ ಚಿಕ್ಕ ಬಾಣ ಒತ್ತಿದರೆ ಮಾತ್ರ ಮುಂದಿನ ಪುಟ. ಕೆಂಪಾಪುರದ ನಮ್ಮ ಮನೆಯಲ್ಲಿ ಅದನ್ನು ಕೇಳುತ್ತಿದ್ದವಳು ನನ್ನ ಅಮ್ಮ. ಕಣ್ಣು ಮಂಜಾಗಿ ಅವಳಿಗೆ ಬಾಣವಿರಲಿ, ಫೋನೇ ಸರಿಯಾಗಿ ಕಾಣುತ್ತಿರಲಿಲ್ಲ. ಕಾದಂಬರಿಯ ಹುಚ್ಚು ಮಾತ್ರ ಹಾಗೇ ಇತ್ತು. ನಾನು ಒಗ್ಗರಣೆ ಹಾಕುತ್ತಿರಲಿ, ಮನೆಯಿಂದಲೇ ಆಫೀಸಿನ ಮೀಟಿಂಗ್‌ನಲ್ಲಿರಲಿ, "ನಿಂತೋಯ್ತು ಕಣೇ" ಎಂದು ಕೂಗುವಳು. ಈಚೆಗೆ ಸಂಕೋಚಪಟ್ಟು ಕೂಗುವುದನ್ನೂ ಬಿಟ್ಟಿದ್ದಳು. ಕಥೆಯ ನಡುವೆ ಸುಮ್ಮನೆ ಕೂತಿರುತ್ತಿದ್ದಳು. ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಪುಟ ತಾನಾಗಿ ತಿರುಗುವಂತೆ ಮಾಡಲು ಹತ್ತು ನಿಮಿಷ ಸಾಕೆಂದು ನಮ್ಮ ಕೋಡ್ ಬರೆಯುವ ಯಶವಂತಪುರದ ಮಹಾಶಯರೇ ಹೇಳಿದ್ದರು. ಆದರೆ ಮುಟ್ಟುವಂತಿರಲಿಲ್ಲ. ಮುಂದಿನ ಐದು ವರ್ಷದ ಯೋಜನೆಗೆ ಎಲ್ಲರೂ ಒಪ್ಪುವವರೆಗೆ ಯಾರೂ ಕೋಡ್‌ಗೆ ಕೈ ಹಾಕಬಾರದೆಂದು ನಾವೇ ನಿಯಮ ಮಾಡಿಕೊಂಡಿದ್ದೆವು. ಸಭೆಯಲ್ಲಿ ಕೂತವರಲ್ಲಿ ಒಬ್ಬರು ಕೈ ಎತ್ತದಿದ್ದರೂ ಚರ್ಚೆ ಮತ್ತೆ ಮೊದಲಿಂದ. ಹೀಗೆ ಐದು ವರ್ಷದ ಯೋಜನೆ ಮಾಡುವುದರಲ್ಲೇ ಎರಡು ವರ್ಷ ಕಳೆದಿತ್ತು.

ಯಾರ ಐಡಿಯಾವನ್ನೂ ತಳ್ಳಿಹಾಕಬಾರದೆಂಬುದು ಇನ್ನೊಂದು ನಿಯಮ. ಒಬ್ಬರಿಗೆ ಚಳಿಗಾಲದಲ್ಲಿ ಆ್ಯಪ್‌ನ ಧ್ವನಿಗೆ ಸ್ವಲ್ಪ ನೆಗಡಿ ಇರಬೇಕಿತ್ತು, ಸಹಜವಾಗಿರುತ್ತದಂತೆ. ಸೇರಿಸಿದೆವು. ಬ್ಯಾಟರಾಯನಪುರದಲ್ಲಿ ನಮಗೆ ಸಭೆಗೆ ಮಹಡಿ ಬಿಟ್ಟುಕೊಟ್ಟ ಬಿಲ್ಡರ್ ಗೋಡೆಗೆ ಅಂಟಿಸಿದ್ದ ಯೋಜನೆಯ ನಕ್ಷೆ ನೋಡಿ, ಮೊದಲನೇ ವರ್ಷ ನೈರುತ್ಯಕ್ಕೆ ಬಂದಿದೆ, ಹಿಂಗೆ ಇಟ್ಟರೆ ಏಳಿಗೆಯಿಲ್ಲ ಎಂದರು. ನಕ್ಷೆಯನ್ನೇ ತಿರುಗಿಸಿದೆವು. ಆ ಗಲಾಟೆಯಲ್ಲಿ ಅಮ್ಮನ ಪುಟ ಮೂರನೇ ವರ್ಷಕ್ಕೆ ಹೋಯಿತು. ಅದಕ್ಕೆ 'ಓದಿನ ನಿರಂತರತೆ' ಎಂಬ ಘನವಾದ ಹೆಸರನ್ನೂ ಇಟ್ಟರು. ನನಗೆ ಮೈ ಉರಿಯಿತು.

ಮುಂದಿನ ಭಾನುವಾರ ಮನೆಯಲ್ಲಿ ಯಾರೂ ಇಲ್ಲವೆಂದು ಅಮ್ಮನನ್ನೂ ಸಭೆಗೆ ಕರೆದೊಯ್ದೆ. ಅಂದು ಪವಾಡವೇ ನಡೆದು ಯೋಜನೆಗೆ ನಮ್ಮವರೆಲ್ಲರ ಕೈಯೂ ಮೇಲೆ ಹೋಯಿತು. ಸಭೆ ನಡೆಸುವ ಆರ್‌.ಟಿ. ನಗರದ ಮೇಷ್ಟ್ರು ಎಣಿಸುತ್ತಾ ಬಂದು ಅಮ್ಮನ ಮುಂದೆ ನಿಂತರು. ಕೂತವರೆಲ್ಲ ಲೆಕ್ಕಕ್ಕೆ ಬರುತ್ತಾರಲ್ಲ.

ತನ್ನ ಪುಟ ಯಾವ ವರ್ಷದಲ್ಲಿದೆ ಎಂದು ಅಮ್ಮ ಕೇಳಿದಳು. ಅವರು ಹೇಳಿದರು.

"ಹಾಗಾದ್ರೆ ನಾನ್ ಒಪ್ಪಲ್ಲಪ್ಪ. ನನ್ ಕಾದಂಬರೀಲಿ ಆ ಹುಡುಗಿ ಬಾವಿಕಟ್ಟೆ ಮೇಲೆ ಕೂತು ನಾಲ್ಕು ದಿನ ಆಯ್ತು. ಬಿದ್ಲೋ, ಎದ್ದು ಹೋದ್ಲೋ ಗೊತ್ತಿಲ್ಲ."

ಅಮ್ಮ ಒಪ್ಪದೆ ಯೋಜನೆಯಿಲ್ಲ, ಯೋಜನೆಯಿಲ್ಲದೆ ಕೋಡ್ ಮುಟ್ಟುವಂತಿಲ್ಲ, ಕೋಡ್ ಮುಟ್ಟದೆ ಅಮ್ಮ ಒಪ್ಪುವುದಿಲ್ಲ. ನಿಯಮದಲ್ಲಿರುವುದು ಕೂತವರೆಂದು, ಆದ್ದರಿಂದ ತಾಯಿಯವರು ಒಂದು ನಿಮಿಷ ಎದ್ದು ನಿಂತರೆ ಹೇಗೆ ಎಂದು ನೆಗಡಿಯವರು ಬಹಳ ವಿನಯದಿಂದ ಕೇಳಿದರು. ಅಮ್ಮ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕೊನೆಗೆ ಬಿಲ್ಡರ್‌ಗೇ ರೇಗಿತು. "ಪ್ಲಾನ್ ಸ್ಯಾಂಕ್ಷನ್ ಆಗಕ್ ಮುಂಚೆ ನಾನು ಎಷ್ಟು ಬಿಲ್ಡಿಂಗ್ ಎಬ್ಬಿಸಿಲ್ಲ? ನೀವ್ ಮಾಡ್ರೀ, ನಾನ್ ನೋಡ್ಕಂತೀನಿ."

ಯಶವಂತಪುರದವರು ಇದಕ್ಕೇ ಕಾದಿದ್ದಂತೆ ಲ್ಯಾಪ್‌ಟಾಪ್ ತೆರೆದರು. ಕಡಲೆಪುರಿ ಮುಗಿಯುವಷ್ಟರಲ್ಲಿ ಕೆಲಸ ಆಗಿತ್ತು. ಇನ್ನಾದರೂ ಕೈ ಎತ್ತುತ್ತೀರಾ ಎಂದು ಮೇಷ್ಟ್ರು ಕೇಳಿದರೆ, ಮೊದಲು ಕೇಳಿ ನೋಡುತ್ತೇನೆ ಎಂದಳು ಅಮ್ಮ.

ಫೋನ್ ಓದತೊಡಗಿತು. ಸಭೆಯೆಲ್ಲ ಬಾವಿಕಟ್ಟೆಯ ಸುತ್ತ ಕೂತು ಕೇಳಿತು. ಪುಟ ಮುಗಿಯಿತು. ಅಮ್ಮ ಎಂದಿನಂತೆ ನನ್ನ ಕಡೆಗೆ ಮುಖ ತಿರುಗಿಸಿದಳು, ಕೂಗಲೆಂದು ಬಾಯಿಯನ್ನೂ ತೆರೆದಳು. ಧ್ವನಿ ನಿಲ್ಲದೆ ಮುಂದಿನ ಪುಟಕ್ಕೆ ಹೋಯಿತು. ಅವಳು ಬಾಯಿ ಮುಚ್ಚಿಕೊಂಡು, ನನ್ನನ್ನು ಮರೆತು, ಮೆಲ್ಲಗೆ ಫೋನಿನ ಕಡೆಗೆ ತಿರುಗಿದಳು.