ಹಳೆಯ ಬ್ರೌಸರ್ ಬಿಡುವ ತಾರೀಕು

ನನ್ನ ಮೊಮ್ಮಗಳು ಈಗ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತಾಳೆ. ಅದನ್ನು ನೋಡಿದರೆ ಸಾಕು, ನನಗೆ ಊಟ ಬೇಡ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ತೋರಿಸುತ್ತೇನೆ, ನಾಚಿಕೆಯಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು ನಾನು, ಬರೆದು ಅಭ್ಯಾಸವಿಲ್ಲ. ಆದರೂ ಅವಳು ಹುಟ್ಟಿದ ಮಳೆಗಾಲದ ಸಂಗತಿ ಬರೆದಿಡಬೇಕು. ಅದರಲ್ಲಿ ನನ್ನ ತಪ್ಪೂ ಇದೆ.

ಮಗಳಿಗೆ ಮಣಿಪಾಲದ ಒಂದು ಸಣ್ಣ ಆಫೀಸಿನಲ್ಲಿ ವೆಬ್‌ಸೈಟ್ ಮಾಡುವ ಕೆಲಸ. ಉಡುಪಿಯ ಒಂದು ಆಸ್ಪತ್ರೆಗೂ ಅವಳು ಪುಟ ಮಾಡಿಕೊಟ್ಟಿದ್ದಳು. ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ವಾರ್ಡಿಗೆ ತಾಯಿಯನ್ನು ಬಿಟ್ಟರೆ ಯಾರಿಗೂ ಪ್ರವೇಶವಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಶಿಶುಗಳ ಫೋಟೋ ಆ ಪುಟಕ್ಕೆ ಹಾಕುತ್ತಿದ್ದರು. ಮನೆಯವರು ತಮ್ಮ ನಂಬರ್ ಒತ್ತಿದರೆ ತಮ್ಮ ಮಗು ಕಾಣುತ್ತಿತ್ತು. ಮಗು ವಾರ್ಡಿನಿಂದ ಹೊರಗೆ ಹೋದ ದಿನ, ಮನೆಗೇ ಆಗಲಿ ಇನ್ನೆಲ್ಲಿಗೇ ಆಗಲಿ, ಫೋಟೋ ತೆಗೆಯುತ್ತಿದ್ದರು.

ಬಸುರಿ ಮಗಳು ಒಂದು ಭಾನುವಾರ ನಮ್ಮ ಊರು ಕಾಪುವಿಗೆ ಬಂದಾಗ ಕಾಲು ಬಾತುಕೊಂಡಿತ್ತು. ಕೆಲಸ ಜಾಸ್ತಿ ಎಂದಳು. ಕಂಪ್ಯೂಟರಿನಲ್ಲಿ ಇಂಟರ್ನೆಟ್ ತೋರಿಸುವುದಕ್ಕೆ ಬ್ರೌಸರ್ ಎನ್ನುತ್ತಾರಂತೆ. ಹೊಸ ಬ್ರೌಸರಿನಲ್ಲಿ ಸರಿಯಾಗಿ ಕಂಡದ್ದು ಹಳೆಯದರಲ್ಲಿ ಅಡ್ಡಾದಿಡ್ಡಿ ಆಗುತ್ತದೆ. ಅದಕ್ಕೆ ಎಲ್ಲವನ್ನೂ ಎರಡೆರಡು ಸಲ ಮಾಡಬೇಕು.

"ಹಳತರಲ್ಲಿ ನೋಡುವವರು ಎಷ್ಟು ಜನ ಉಂಟು?" ಎಂದು ಕೇಳಿದೆ.

"ಬೆರಳಲ್ಲಿ ಎಣಿಸುವಷ್ಟು."

"ಅಷ್ಟು ಜನಕ್ಕೆ ನೀನು ಎರಡೆರಡು ಅಡುಗೆ ಮಾಡುವುದಾ? ಬಿಟ್ಟುಬಿಡು ಮಾರಾಯ್ತಿ. ಬೇಕಾದವರು ಹೊಸತು ಹಾಕಿಕೊಳ್ಳಲಿ."

"ಆಫೀಸಿನಲ್ಲಿ ಸಹ ಅದನ್ನೇ ಹೇಳುವುದು. ಯಾವಾಗ ಬಿಡುವುದು ಅಂತ ಹೇಳ್ಲಿಕ್ಕೆ ನನಗೆ ಧೈರ್ಯ ಬರುವುದಿಲ್ಲ ಅಮ್ಮ."

"ಬರುವ ತಿಂಗಳು ಒಂದನೇ ತಾರೀಕು ಅಂತ ಹೇಳು. ಧೈರ್ಯ ನಾನು ಕೊಡ್ತೇನೆ."

ಅವಳು ನಕ್ಕಳು. ಮಾರನೇ ದಿನ ಆಫೀಸಿನಲ್ಲಿ ಅದೇ ತಾರೀಕು ಹೇಳಿದಳು.

ಒಂದನೇ ತಾರೀಕು ಬರುವುದಕ್ಕೆ ಹನ್ನೆರಡು ದಿನ ಇರುವಾಗ, ಏಳನೇ ತಿಂಗಳಲ್ಲೇ ಅವಳಿಗೆ ಹೆರಿಗೆಯಾಯಿತು. ಮಗು ಒಂದು ಕಿಲೋ ಸಹ ಇರಲಿಲ್ಲ. ಅವಳು ಮಾಡಿದ ಪುಟದಲ್ಲಿ ಅವಳದೇ ಮಗು ಬಂತು. ನನ್ನ ಗಂಡ ಪಾರ್ಶ್ವವಾಯು ಬಡಿದು ಮಲಗಿದ್ದರಿಂದ ನಾನು ಮನೆ ಬಿಡುವ ಹಾಗಿರಲಿಲ್ಲ. ದಿನಾ ಅವರನ್ನು ಒರೆಸಿ, ಗಂಜಿ ಕುಡಿಸಿ, ಬಸ್‌ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಗೆ ಓಡುತ್ತಿದ್ದೆ. ದುಬೈಯಿಂದ ವಾಪಸು ಬಂದ ಒಬ್ಬರು ಎರಡು ಹಳೆಯ ಕಂಪ್ಯೂಟರ್ ಇಟ್ಟು ನಡೆಸುತ್ತಿದ್ದ ಅಂಗಡಿ ಅದು. ಅವರೇ ನಂಬರ್ ಒತ್ತಿ ಕೊಡುತ್ತಿದ್ದರು. ಕೆಂಪು ಕೆಂಪು ಮೈ, ಮೂಗಿನಲ್ಲಿ ನಳಿಗೆ, ಮೊಣಕೈವರೆಗೆ ಬರುವಷ್ಟು ದೊಡ್ಡ ಕೈಗವಸು.

"ಇವತ್ತು ಕೈ ಎತ್ತಿದೆ ನೋಡಿ ಅಮ್ಮ. ಎಲೆಕ್ಷನಿಗೆ ನಿಲ್ತದೆ ಇದು," ಎಂದರು ಒಂದು ದಿನ. ನಾನು ಇಡೀ ದಿನ ಆ ಕೈಯ ಮೇಲೆ ಬದುಕಿದೆ.

ಹನ್ನೆರಡನೇ ದಿನ ನಂಬರ್ ಒತ್ತಿದಾಗ ಪರದೆ ಬೆಳ್ಳಗೆ ನಿಂತಿತು. ಮತ್ತೆ ಒತ್ತಿದರು. ಬೆಳ್ಳಗೆ.

"ಲೈನ್ ಸರಿ ಇಲ್ಲ ಕಾಣ್ತದೆ," ಎಂದರು, ನನ್ನ ಮುಖ ನೋಡದೆ. ಪಕ್ಕದ ಕಂಪ್ಯೂಟರಿನಲ್ಲಿ ಒಬ್ಬರು ಪರೀಕ್ಷೆಯ ರಿಸಲ್ಟ್ ನೋಡುತ್ತಿದ್ದರು, ಅದು ಸರಿಯಾಗಿಯೇ ಬಂದಿತ್ತು. ಮಗು ಹೊರಗೆ ಹೋದ ದಿನ ಫೋಟೋ ತೆಗೆಯುತ್ತಾರೆ ಎಂಬುದೊಂದೇ ನನಗೆ ನೆನಪಾಯಿತು. ಅಷ್ಟು ಸಣ್ಣ ಮಗು ಮನೆಗೆ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ಆ ದಿನ ಒಂದನೇ ತಾರೀಕು ಎಂಬುದು ತಲೆಗೆ ಬರಲೇ ಇಲ್ಲ.

ಮನೆಗೆ ಬಂದರೆ ಫೋನ್ ಹೊಡೆದುಕೊಳ್ಳುತ್ತಿತ್ತು. ಅಳಿಯ.

"ಅತ್ತೆ, ನಿಮಗೆ ಒಮ್ಮೆ ಬಂದು ಹೋಗ್ಲಿಕ್ಕೆ ಆಗ್ತದಾ?"

"ಮಗು?"

"ನೀವು ಬನ್ನಿ. ಇಲ್ಲಿ ಮಾತಾಡುವ."

ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಒಮ್ಮೆ ಬಂದು ಹೋಗಿ ಎನ್ನುತ್ತಾರೆ. ಕೇಳಿದವರೂ ಮತ್ತೆ ಕೇಳುವುದಿಲ್ಲ. ನನ್ನ ಅಪ್ಪ ಸತ್ತದ್ದೂ ನನಗೆ ಹಾಗೆಯೇ ಗೊತ್ತಾದದ್ದು. ನಾನು ಗಂಡನಿಗೆ ಏನೂ ಹೇಳದೆ ನೆರೆಮನೆಯವರನ್ನು ಕೂರಿಸಿ, ಗಂಡನದೊಂದು ಹಳೆಯ ಮೆತ್ತಗಿನ ಬಿಳಿ ಪಂಚೆಯನ್ನು ಒಂದು ಕೈ ಅಗಲಕ್ಕೆ ಹರಿದು ಚೀಲಕ್ಕೆ ಹಾಕಿದೆ. ಅಷ್ಟು ಸಾಕಲ್ಲ, ಅಷ್ಟು ಸಣ್ಣದಕ್ಕೆ. ಬಸ್ಸಿನಲ್ಲಿ ಉಡುಪಿಯವರೆಗೆ ಆ ಚೀಲ ಮಡಿಲಲ್ಲೇ ಇತ್ತು.

ವಾರ್ಡಿನ ಬಾಗಿಲಲ್ಲಿ ಅಳಿಯ ಗೋಡೆ ನೋಡಿಕೊಂಡು ಮಾತಾಡಿದ. "ಇವಳಿಗೆ ಜ್ವರ ಅತ್ತೆ, ಒಳಗೆ ಬಿಡುವುದಿಲ್ಲ. ಮಗುವಿಗೆ ಮೈಬಿಸಿ ಸಿಗಬೇಕಂತೆ, ಎದೆಗೆ ತಾಗಿಸಿ ಹಿಡಿದುಕೊಳ್ಳಲಿಕ್ಕೆ ಒಬ್ಬರು ಹೆಂಗಸರು ಬೇಕಂತೆ. ರವಿಕೆ ಎಲ್ಲ ತೆಗೆದು... ಅದನ್ನು ನಿಮಗೆ ಫೋನಿನಲ್ಲಿ ಹೇಗೆ ಹೇಳುವುದು?"

ನಾನು ನೆಲದಲ್ಲೇ ಕೂತೆ. ನರ್ಸ್ ಬಂದು ಎಬ್ಬಿಸಿದರು. ಆಮೇಲೆ ಆ ಮಗುವನ್ನು ನನ್ನ ಎದೆಯ ಮೇಲೆ ಮಲಗಿಸಿದರು ನೋಡಿ, ಅಯ್ಯೋ, ಅದರ ಉಸಿರು ನನ್ನ ಚರ್ಮಕ್ಕೆ ತಾಗಿತು! ಐದು ಹೆತ್ತವಳಿಗೆ ಅಷ್ಟು ಸುಖ ಎಂದೂ ಆಗಿರಲಿಲ್ಲ. ಚೀಲ ಹೊರಗೆ ಅಳಿಯನ ಕೈಯಲ್ಲಿತ್ತು. ಅದರಲ್ಲಿ ಎಂತ ಉಂಟೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಗಳಿಗೆ ಮಾತ್ರ ಎಲ್ಲ ಹೇಳಿದೆ. ಅವಳು ಜ್ವರದಲ್ಲೇ ಎದ್ದು ಕೂತಳು. "ಎಷ್ಟು ಜನ ಅಂತ ಲೆಕ್ಕ ನೋಡಿದೆ. ಯಾರು ಅಂತ ನೋಡ್ಲಿಲ್ಲ ಅಮ್ಮ."

"ತಾರೀಕು ಕೊಟ್ಟದ್ದು ನಾನಲ್ವಾ?" ಎಂದೆ.

ಅದೇ ಸಂಜೆ ಆಫೀಸಿಗೆ ಫೋನ್ ಮಾಡಿ ಹಳೆಯದನ್ನು ಮತ್ತೆ ಹಾಕಿಸಿದಳು. ಯಾವ ನಂಬರನ್ನು ಯಾವ ಬ್ರೌಸರಿನಿಂದ ಒತ್ತುತ್ತಾರೆ ಎಂದು ಅವರಿಗೆ ಅಲ್ಲಿ ತಿಳಿಯುತ್ತಿತ್ತಂತೆ. ಇನ್ನು ತಾರೀಕು ಇಲ್ಲ ಎಂದಳು. ಹಳೆಯ ಬ್ರೌಸರಿನಲ್ಲಿ ನೋಡುವ ಮನೆಯವರ ಮಗು ವಾರ್ಡಿನಲ್ಲಿ ಒಂದಾದರೂ ಇರುವವರೆಗೆ ಬಿಡುವುದಿಲ್ಲ.

ನಮ್ಮ ಮಗು ಮನೆಗೆ ಬಂತು. ಮಳೆ ಕಡಿಮೆಯಾಗುವ ಹೊತ್ತಿಗೆ, ಹಳೆಯದರಲ್ಲಿ ನೋಡುವವರ ಮಕ್ಕಳಲ್ಲಿ ಕಾರ್ಕಳದ ಕಡೆಯವರದೊಂದೇ ವಾರ್ಡಿನಲ್ಲಿ ಉಳಿದಿತ್ತು. ಬಾಣಂತಿ ಕೋಣೆಯಿಂದಲೇ ಮಗಳು ಆಫೀಸಿನವರ ಹತ್ತಿರ ದಿನಾ ವಿಚಾರಿಸುತ್ತಿದ್ದಳು. ಒಂದು ಬೆಳಿಗ್ಗೆ ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ಅದು ಸಹ ಹೊರಗೆ ಹೋಯಿತಂತೆ."

"ಮನೆಗಾ?"

ಅವಳು ತಲೆ ಅಲ್ಲಾಡಿಸಿದಳು, ಇಲ್ಲ ಎಂದು.

"ಹಾಗಾದರೆ ಇವತ್ತು ಬಿಡ್ತೀಯಾ?"

"ಹೇಗೆ ಬಿಡುವುದಮ್ಮ? ಕಾರ್ಕಳದಲ್ಲಿ ಯಾರೋ ಇವತ್ತು ಸಹ ನಂಬರ್ ಒತ್ತಿದ್ದಾರೆ. ಅವರಿಗೆ ಇನ್ನೂ ಯಾರೂ ಹೇಳಿಲ್ಲ ಕಾಣ್ತದೆ. ಫೋಟೋ ಇಲ್ಲದಿದ್ದರೂ ಪುಟವಾದರೂ ತೆರೆಯಲಿ, ನಿನಗೆ ಆದ ಹಾಗೆ ಬೆಳ್ಳಗೆ ನಿಲ್ಲುವುದು ಬೇಡ."

ಒಂಬತ್ತು ದಿನ ಒತ್ತಿದರಂತೆ. ಹತ್ತನೇ ದಿನ ಒತ್ತಲಿಲ್ಲ. ಇನ್ನೂ ಎರಡು ದಿನ ಕಾದು ಮಗಳು ಹಳೆಯದನ್ನು ತೆಗೆಸಿದಳು.