ಸೀರುಡಿಕೆ ಡಾಟ್ ಇನ್

ಚಿನಕುರಳಿಯ ಹತ್ತಿರ ಜಲ್ಲಿ ಲಾರಿಗೆ ಬೈಕು ಸಿಕ್ಕಿ ಗಂಡ ತೀರಿಕೊಂಡಾಗ ದಿವ್ಯಳಿಗೆ ಇನ್ನೂ ಇಪ್ಪತ್ತಾರು. ಕೆ.ಆರ್. ಪೇಟೆ ಪಕ್ಕದ ತವರಿಗೆ ಮರಳಿ, ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುವ ಕೆಲಸಕ್ಕೆ ಸೇರಿದಳು. ತವರೆಂದರೆ ಗದ್ದೆ, ಹಸು, ಊರಲ್ಲಿ ಮಾತು ನಡೆಯುವ ಮನೆ. ಅವ್ವ ದ್ಯಾವಮ್ಮ ಮೊದಲು ಮಗಳನ್ನು ಎದೆಗೆ ಅವಚಿಕೊಂಡು ಅತ್ತಳು. ಆಮೇಲಾಮೇಲೆ ಮದುವೆ, ಸೀಮಂತಗಳಿಗೆ ಅವಳನ್ನು ಬಿಟ್ಟು ಒಬ್ಬಳೇ ಹೋಗತೊಡಗಿದಳು.

ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಇನ್ನೊಬ್ಬನ ಜೊತೆ ಬಾಳಲು ಕಳಿಸುವುದಕ್ಕೆ ಹಿಂದೆ ಸೀರುಡಿಕೆ ಎನ್ನುತ್ತಿದ್ದರು. ಈಗ ಆ ಮಾತು ಉಳಿದಿರುವುದು ಜಗಳದಲ್ಲಿ ಮಾತ್ರ. ದಿವ್ಯ ಅದನ್ನೇ ಎತ್ತಿಕೊಂಡಳು. ಗಂಡ ಸತ್ತವರು, ಗಂಡ ಬಿಟ್ಟವರು ಮತ್ತೆ ಮದುವೆಯಾಗಲು ಬಯಸಿದರೆ ವಿವರ ಹಾಕಿಕೊಳ್ಳಲು ಒಂದು ವೆಬ್‌ಸೈಟು ಮಾಡಿದಳು. ಹೆಸರು ಸೀರುಡಿಕೆ ಡಾಟ್ ಇನ್.

"ಅದು ಬೈಗುಳ ಕಣವ್ವ" ಎಂದಳು ದ್ಯಾವಮ್ಮ.

"ಬೈಸ್ಕಂಡೋರೇ ಬರ್ಲಿ ಬುಡವ್ವ, ಅವ್ರಿಗೆ ಬೇಗ ಅರ್ಥಾಯ್ತದೆ."

ಸೈಟಿನ ಹೆಸರು ನೋಂದಾಯಿಸಿದವನು ತಮ್ಮ ರಘುನಂದನ್. ದಿವ್ಯಳ ಆಧಾರಿನಲ್ಲಿ ಇನ್ನೂ ಸತ್ತ ಗಂಡನ ಮೊಬೈಲ್ ನಂಬರಿತ್ತು, ಒಟಿಪಿ ಅದಕ್ಕೇ ಹೋಗುತ್ತಿತ್ತು. "ನನ್ನೆಸ್ರಲ್ಲೇ ಮಾಡ್ತೀನಿ ಬುಡಕ್ಕ, ಯಾರೆಸ್ರಲ್ಲಿದ್ರೇನು" ಎಂದ. ಒಳ್ಳೆಯ ಮನಸ್ಸಿನಿಂದಲೇ ಎಂದ.

ಮೊದಲ ವರ್ಷ ಗಂಡಸರ ಪೋಲಿ ಫೋನುಗಳೇ ಹೆಚ್ಚು. ಆಮೇಲೆ ಹೆಂಗಸರು ಬಂದರು, ಒಬ್ಬರಿಂದ ಒಬ್ಬರಿಗೆ ಕೇಳಿಕೊಂಡು, ಹೆದರಿಕೊಂಡು. ಯಾರ ಫೋಟೊವನ್ನೂ ಅವರ ಒಪ್ಪಿಗೆಯಿಲ್ಲದೆ ದಿವ್ಯ ತೋರಿಸುತ್ತಿರಲಿಲ್ಲ. ಕೆ.ಆರ್.ಎಸ್.ನ ಸಣ್ಣ ಹೋಟೆಲಿನಲ್ಲಿ, ತೊಣ್ಣೂರು ಕೆರೆ ಏರಿಯ ಮೇಲೆ ಗಂಡು ಹೆಣ್ಣನ್ನು ಕೂರಿಸಿ ತಾನು ದೂರ ನಿಲ್ಲುತ್ತಿದ್ದಳು. ಎಷ್ಟೋ ಜೋಡಿಗಳು ಶ್ರೀರಂಗಪಟ್ಟಣದ ನೋಂದಣಿ ಕಚೇರಿಯಲ್ಲಿ ಸದ್ದಿಲ್ಲದೆ ಮದುವೆಯಾದವು. ಆ ಹೆಸರು ಹೇಳಿದರೆ ಸಾಕು, ಹೆಂಗಸರು ನಂಬುತ್ತಿದ್ದರು.

ಒಂದು ಬೆಳಗ್ಗೆ ಸೈಟು ತೆರೆಯಲಿಲ್ಲ. ಹೆಸರು ಮಾರಿದ ಮೈಸೂರಿನ ಕಂಪನಿಗೆ ಫೋನು ಮಾಡಿದಳು. ಅಲ್ಲಿ ಕೆಲಸಕ್ಕಿದ್ದ ಸ್ನೇಹ ಎಂಬ ಹುಡುಗಿ ತಾಳ್ಮೆಯಿಂದ ಹೇಳಿದಳು.

"ಡಾಟ್ ಇನ್ ಅಂತ ಮುಗಿಯೋ ಹೆಸರುಗಳೆಲ್ಲ ನಮ್ಮ ದೇಶದ ಪಾಲಿಗೆ ಬಂದಿರೋವು ಮೇಡಂ. ಮೂಲ ದಾಖಲೆ ಒಂದೇ ಕಡೆ ಇರುತ್ತೆ, ನಮ್ಮಂಥ ಕಂಪನಿಗಳು ಜನಕ್ಕೆ ಮಾರ್ತೀವಿ. ಮಾರೋದು ಅಂದ್ರೆ ಬಾಡಿಗೆ ಇದ್ದಂಗೆ, ಅವಧಿ ಮುಗಿದಾಗ ಮತ್ತೆ ಕಟ್ಟಬೇಕು. ದಾಖಲೆಯಲ್ಲಿ ಯಾರಿದಾರೋ ಅವರೇ ಯಜಮಾನರು. ನಿಮ್ದು ರಘುನಂದನ್ ಅಂತಿದೆ. ಅವರಿಗೆ ಎಷ್ಟೋ ಮೇಲ್ ಹೋಗಿದೆ."

"ನಾನೇ ಕಟ್ಟಿದ್ರೆ?"

"ಅವರು ಒಪ್ಪಬೇಕು ಮೇಡಂ. ಇನ್ನೊಂದು ತಿಂಗಳು ಮೂಲ ದಾಖಲೆಯವರು ಹೆಸರನ್ನ ಹಾಗೇ ಹಿಡಿದಿಟ್ಟಿರ್ತಾರೆ. ಆಮೇಲೆ ಬಿಟ್ಟುಬಿಡ್ತಾರೆ, ಮೊದಲು ಕೈ ಹಾಕಿದವರಿಗೆ. ಅವರು ಯಾವ ದೇಶದಲ್ಲಿದ್ರೂ ಆಯ್ತು."

ರಘುನಂದನ್ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ತಲೆ ಎತ್ತಲಿಲ್ಲ.

"ಪಾಂಡವಪುರದ ಬೀಗ್ರು ಕೇಳುದ್ರು ಕಣಕ್ಕ. ನಿಮ್ಮನೇಲಿ ಸೀರುಡಿಕೆ ವ್ಯಾಪಾರ ನಡೀತದಂತಲ್ಲ ಅಂತ. ಎಷ್ಟು ಕಡೆ ತಿರುಗಿ ಸಿಕ್ಕಿರೋ ಎಣ್ಣು, ನಿಂಗೂ ಗೊತ್ತು. ಅದ್ಕೇ ದುಡ್ಡು ಕಟ್ದೆ ಸುಮ್ಕಾದೆ."

"ನಂಗೆ ಏಳ್ಬೋದಿತ್ತು."

"ಏಳಿದ್ರೆ ಬುಡ್ತಿದ್ದಾ? ಎಸ್ರು ತಾನೇ, ಇನ್ನೊಂದು ತಕ್ಕೊ."

ದಿವ್ಯ ಅವ್ವನ ಕಡೆ ತಿರುಗಿದಳು. ದ್ಯಾವಮ್ಮ ಹಾಲಿನ ಕ್ಯಾನು ಎತ್ತಿಕೊಳ್ಳುತ್ತಾ, "ಅವನ್ದೊಂದು ಆಗ್ಲಿ ಬುಡವ್ವ. ನಿಂದು ಎಂಗೂ ಆಗೋಯ್ತು" ಎಂದಳು.

ಆಮೇಲೂ ದಿವ್ಯ ತಮ್ಮನನ್ನು ಕೇಳಿಕೊಂಡಳು. ನಿಶ್ಚಿತಾರ್ಥ ಮುಗೀಲಿ ನೋಡಾನ ಎಂದ. ನಿಶ್ಚಿತಾರ್ಥ ಮುಗಿಯಿತು. ತಿಂಗಳೂ ಮುಗಿಯಿತು. ಬಿಡುಗಡೆಯಾದ ಹೆಸರನ್ನು ಎಲ್ಲಿಯವರೋ ತಕ್ಷಣ ಹಿಡಿದುಕೊಂಡರು. ಈಗ ಅದನ್ನು ಒತ್ತಿದರೆ ಅರೆಬಟ್ಟೆಯ ಹುಡುಗಿಯರು ಇಸ್ಪೀಟೆಲೆ ಹಿಡಿದು ಕರೆಯುತ್ತಿದ್ದರು. ಇಷ್ಟು ವರ್ಷ ಹೆಂಗಸರು ನಂಬಿ ಬರುತ್ತಿದ್ದ ಹೆಸರು ಜೂಜಿನವರಿಗೆ ಸುಮ್ಮನೆ ದಕ್ಕಿತ್ತು.

ನಾಗಮಂಗಲದ ಸುಧಳ ಮಾತುಕತೆ ಆಗ ಕೂಡಿಬಂದಿತ್ತು. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ವಿಧವೆ ಅವಳು. ತೊಣ್ಣೂರಿನಲ್ಲಿ ಒಬ್ಬನನ್ನು ನೋಡಿ ಒಪ್ಪಿದ್ದಳು. ಅವಳ ಅಣ್ಣ ಅವಳ ಮೊಬೈಲಿನಲ್ಲಿ ಸೈಟಿನ ಹಳೆಯ ಲಿಂಕು ಕಂಡು ಒತ್ತಿದ. ಸುಧಳಿಗೆ ಬಾಯಿ ತೆರೆಯಲೂ ಬಿಡದೆ ಹೊಡೆದ. ಗಂಡಿನ ಮನೆಗೂ ಅದನ್ನೇ ತೋರಿಸಿ ಬಂದ.

ಪಕ್ಕದ ಮನೆಯವರ ಫೋನಿನಿಂದ ಸುಧ ಮಾತಾಡಿದಳು. "ನೀನು ನಮ್ಮನ್ನೆಲ್ಲ ಮಾರ್ಬುಟ್ಟೆ ಅಂತಾವ್ರೆ ಅಕ್ಕ."

"ನಾನಲ್ಲ ಕಣವ್ವ."

"ನೀನಲ್ಲ ಅಂತ ನಂಗೆ ಗೊತ್ತಕ್ಕ. ಯಾರ್ಗೆ ಏಳ್ಲಿ?"

ದಿವ್ಯ ಶ್ರೀರಂಗಪಟ್ಟಣದ ವಕೀಲರೊಬ್ಬರ ಬಳಿ ಹೋದಳು. ಅವರು ಬೇಸರವಿಲ್ಲದೆ ನಿಯಮಗಳನ್ನು ಓದಿ ನೋಡಿ ಹೇಳಿದರು. ಹೆಸರಿನ ಜಗಳಕ್ಕೆ ಪಂಚಾಯ್ತಿಕೆ ಮಾಡುವ ಏರ್ಪಾಡಿದೆ, ಅಲ್ಲಿ ದೂರು ಕೊಡಬಹುದು. ಆದರೆ ಆ ಹೆಸರಿನ ಮೇಲೆ ತಮಗೆ ಮೊದಲೇ ಹಕ್ಕಿತ್ತೆಂದು ದೂರು ಕೊಟ್ಟವರು ತೋರಿಸಬೇಕು. "ನಿಮ್ಮ ಹೆಸರು ಎಲ್ಲೂ ಇಲ್ಲವಲ್ಲಮ್ಮ. ಅಕ್ಕನ ಪರವಾಗಿ ಮಾಡಿಸಿದ್ದೆ ಅಂತ ನಿಮ್ಮ ತಮ್ಮ ಬರೆದುಕೊಟ್ಟರೆ ಪ್ರಯತ್ನ ಮಾಡೋಣ."

ರಘುನಂದನ್ ಬರೆದುಕೊಡಲಿಲ್ಲ. ಬೀಗರಿಗೆ ತಿಳಿದರೆ ಮದುವೆ ನಿಂತುಹೋದೀತು ಎಂದ. ಅದೇ ವಾರ ಲಗ್ನಪತ್ರಿಕೆ ಬಂತು. ಹಾರೈಸುವವರ ಸಾಲಿನಲ್ಲಿ ಮನೆಯ ಹಸುಗೂಸುಗಳ ಹೆಸರು ಕೂಡ ಇತ್ತು, ದಿವ್ಯಳದು ಇರಲಿಲ್ಲ. ಮದುವೆಯ ದಿನ ಅವಳು ಪಾಂಡವಪುರದ ಛತ್ರಕ್ಕೆ ಹೋಗಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಶ್ರೀರಂಗಪಟ್ಟಣದ ಬಾಡಿಗೆ ಕೋಣೆಗೆ ಬಂದುಬಿಟ್ಟಳು.

ಅಲ್ಲಿ ಆಧಾರ್ ಸರಿಪಡಿಸಿಕೊಂಡು, ಸೈಟಿಗೆ ಇನ್ನೊಂದು ಹೆಸರನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿದಳು. ಹಳೆಯ ಹೆಂಗಸರಿಗೆಲ್ಲ ತಿಳಿಸಿದಳು. ಕೆಲವರು ನಂಬರು ಬದಲಿಸಿದ್ದರು. ಕೆಲವರು ಅವಳ ದನಿ ಕೇಳಿದೊಡನೆ ಫೋನು ಇಟ್ಟುಬಿಟ್ಟರು. ಹೊಸ ಸೈಟಿಗೆ ಈವರೆಗೆ ಬಂದಿರುವ ಹೆಂಗಸರು ಬೆರಳೆಣಿಕೆಯಷ್ಟು. ಅವರೂ ಫೋಟೊ ಹಾಕಿಲ್ಲ. ಸುಧ ಅವರಲ್ಲಿಲ್ಲ. ಅವಳನ್ನು ಗಾರ್ಮೆಂಟ್ಸಿನಿಂದಲೂ ಬಿಡಿಸಿದ್ದಾರೆಂದು ಯಾರೋ ಹೇಳಿದರು.